ಮನೆಯ ಉದ್ಯಮವೂ ಜಾಲತಾಣದ ಪಂಚಾಂಗವೂ

ಸಂಸಾರಸ್ಥರ ಮನೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಅಂಗಡಿಯು ತಲೆಯೆತ್ತಿರುವುದನ್ನು ವಾಚಕರು ಗಮನಿಸದೆ ಇರಲಾರರು. ಅದಕ್ಕೆ ಬೀದಿಯ ಕಡೆಗೆ ಬಾಗಿಲಿಲ್ಲ, ಹೆಸರಿನ ಹಲಗೆಯಿಲ್ಲ, ತಕ್ಕಡಿಯು ಅಡಿಗೆಮನೆಯ ಮೂಲೆಯಲ್ಲಿರುವುದು, ಗಲ್ಲಾಪೆಟ್ಟಿಗೆಯು ಮೊಬೈಲಿನೊಳಗಿರುವುದು. ಒಬ್ಬಾಕೆಯು ಉಪ್ಪಿನಕಾಯಿಯನ್ನು ಮಾರುವಳು, ಇನ್ನೊಬ್ಬಾಕೆಯು ಇಳಕಲ್ಲಿನ ಸೀರೆಗಳನ್ನು, ಮತ್ತೊಬ್ಬಾಕೆಯು ಬಟ್ಟೆಯ ಗೊಂಬೆಗಳನ್ನು. ಇವರೆಲ್ಲರಿಗೂ ಗಿರಾಕಿಗಳನ್ನು ಕರೆತರುವ ಬೀದಿಯೆಂದರೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದ ಸಾಮಾಜಿಕ ಜಾಲತಾಣಗಳೇ. ಈ ಬೀದಿಯಲ್ಲಿ ನಿಲ್ಲುವುದಕ್ಕೆ ಬಾಡಿಗೆ ಇಲ್ಲವೆಂಬುದು ನಿಜ. ಆದರೆ ಬಾಡಿಗೆಯಿಲ್ಲದ ಸ್ಥಳದಲ್ಲಿ ನಿಂತವರು ಬೇರೆ ಯಾವ ರೂಪದಲ್ಲಿ ತೆರಬೇಕಾಗುವುದೆಂಬುದನ್ನು ನನ್ನ ತವರಿನವರು ೨೦೨೨ನೆಯ ಇಸವಿಯ ಬೇಸಗೆಯಲ್ಲಿ ಕಲಿತರು. ಆ ವೃತ್ತಾಂತವನ್ನೂ, ಅನಂತರ ನಾವು ಮಾಡಿಕೊಂಡ ಏರ್ಪಾಡನ್ನೂ ವಾಚಕರ ಮುಂದೆ ಇಡಬೇಕೆಂದು ಎಣಿಸಿದ್ದೇನೆ. ಇಂತಹ ಉದ್ಯಮವನ್ನು ಕೈಗೊಂಡಿರುವ ಸೋದರಿಯರು ಯಾರಾದರೂ ಇದನ್ನು ಓದಿ, ನಮ್ಮ ಅತ್ತಿಗೆಯು ತೆತ್ತ ಶುಲ್ಕವನ್ನು ತಾವು ತೆರದೆ ಉಳಿದರೆ ಈ ಬರವಣಿಗೆಯು ಸಾರ್ಥಕವಾದೀತು.

ನನ್ನ ತವರುಮನೆಯು ಶಿರಸಿಯ ಸೀಮೆಯ ಒಂದು ಹಳ್ಳಿಯಲ್ಲಿರುವುದು. ಅಡಕೆಯ ತೋಟವೇ ಜೀವನಕ್ಕೆ ಆಧಾರ. ಕೊಳೆರೋಗವು ಆ ಸೀಮೆಗೆ ಹಳೆಯ ನೆಂಟ. ಅದರ ಮೇಲೆ ಎಲೆಚುಕ್ಕಿ ರೋಗವೂ ತೋಟಗಳನ್ನು ಹಿಡಿದ ಮೇಲೆ ಅಣ್ಣನ ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತು. ೨೦೨೦ನೆಯ ಇಸವಿಯ ಬೇಸಗೆಯಲ್ಲಿ ಕೊರೋನಾ ಕಾರಣದಿಂದ ಊರುಗಳೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಹಿತ್ತಿಲಿನ ಹಲಸಿನ ಮರಗಳು ಆ ವರ್ಷ ಎಂದಿಗಿಂತಲೂ ಹೆಚ್ಚಾಗಿ ಕಾಯಿಬಿಟ್ಟಿದ್ದುವು. ಕೊಳ್ಳುವವರಿಲ್ಲ, ಬಂದು ತಿನ್ನುವ ನೆಂಟರೂ ಇಲ್ಲ. ಅತ್ತಿಗೆಯು ಬಲಿತ ಕಾಯಿಗಳನ್ನು ಕೀಳಿಸಿ ಹಪ್ಪಳಕ್ಕೆ ಕುಳಿತಳು.

ಹಲಸಿನ ಹಪ್ಪಳದ ಕೆಲಸವನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಕಾಣದವರಿಗಾಗಿ ಎರಡು ಮಾತು. ಕಾಯಿಯು ಬಲಿತಿರಬೇಕು, ಆದರೆ ಹಣ್ಣಿನ ಸಿಹಿಯು ಇಳಿದಿರಬಾರದು. ತೊಳೆಗಳನ್ನು ಬಿಡಿಸಿ, ಆವಿಯಲ್ಲಿ ಬೇಯಿಸಿ, ಉಪ್ಪು ಕಾರಗಳೊಡನೆ ಒರಳಿನಲ್ಲಿ ಕುಟ್ಟಿ, ಉಂಡೆಮಾಡಿ, ಒತ್ತಿ, ಚಾಪೆಯ ಮೇಲೆ ಎರಡು ಮೂರು ದಿನಗಳ ಒಳ್ಳೆಯ ಬಿಸಿಲು ಕಾಣಿಸಬೇಕು. ಅಂಟನ್ನು ಸಹಿಸುವ ಕೈಯೂ ಆಕಾಶವನ್ನು ಓದುವ ಕಣ್ಣೂ ಎರಡೂ ಬೇಕು. ಅತ್ತಿಗೆಯೂ ನೆರೆಮನೆಯ ನಾಲ್ವರು ಹೆಂಗಸರೂ ಸೇರಿ ದಿನಕ್ಕೆ ಸುಮಾರು ೬೦೦ ಹಪ್ಪಳಗಳನ್ನು ಒತ್ತಬಲ್ಲರು. ಕಟ್ಟಿಗೆ ೨೫ರಂತೆ ೨೪ ಕಟ್ಟುಗಳಾಯಿತು. ಮಳೆಯು ಹಿಡಿಯುವುದಕ್ಕೆ ಮುಂಚೆ ಭರವಸೆಯಿಡತಕ್ಕ ಬಿಸಿಲಿನ ದಿನಗಳು ಇಪ್ಪತ್ತೈದೆಂದು ಹಿಡಿದರೆ ಇಡೀ ಋತುವಿಗೆ ೬೦೦ ಕಟ್ಟುಗಳು. ಈ ಒಂದು ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ನಾವು ಅದನ್ನು ಮರೆತದ್ದರಿಂದಲೇ ಮುಂದಿನ ಅನಾಹುತವೆಲ್ಲ ನಡೆಯಿತು.

ಮೊದಲ ಎರಡು ವರ್ಷ ಎಲ್ಲವೂ ಹಿತವಾಗಿಯೇ ನಡೆಯಿತು. ವಾಟ್ಸಾಪಿನಲ್ಲಿ ಬಂಧುಗಳಿಗೆ ಒಂದು ಚಿತ್ರವನ್ನು ಕಳುಹಿಸಿದರೆ, ಅವರು ತಮ್ಮ ಗೆಳತಿಯರಿಗೆ ಕಳುಹಿಸುವರು. ಬೆಂಗಳೂರು, ಹುಬ್ಬಳ್ಳಿ, ಪುಣೆಗಳಿಂದ ಕೋರಿಕೆಗಳು ಬರುವುವು. ಅಣ್ಣನು ವಾರಕ್ಕೊಮ್ಮೆ ಪೇಟೆಗೆ ಹೋಗಿ ಕಟ್ಟುಗಳನ್ನು ಅಂಚೆಗೆ ಹಾಕುವನು. ಕಟ್ಟಿಗೆ ೧೦೦ ರೂಪಾಯಿ. ಸೊಸೈಟಿಯ ಸಾಲದ ಬಡ್ಡಿಯೂ, ಸೋದರಳಿಯನ ಕಾಲೇಜಿನ ಫೀಜೂ ಈ ದುಡ್ಡಿನಿಂದಲೇ ನಡೆದುವೆಂಬುದು ನನಗೆ ತಡವಾಗಿ ತಿಳಿಯಿತು. ಅಣ್ಣನು ಹೇಳಿರಲಿಲ್ಲ, ಗಂಡಸರಿಗೆ ಇಂತಹ ವಿಷಯದಲ್ಲಿರುವ ಸಂಕೋಚವು ಎಲ್ಲರೂ ಬಲ್ಲುದೇ.

೨೦೨೨ರ ಮೇ ತಿಂಗಳಿನಲ್ಲಿ ಸೋದರಳಿಯನು ರಜೆಗೆ ಊರಿಗೆ ಬಂದನು. ಅವನು ಚುರುಕು ಹುಡುಗ. ತಾಯಿಯು ಹಪ್ಪಳವನ್ನು ಒತ್ತುವುದನ್ನು, ಆಕೆಯ ಕೈಬಳೆಯ ಸದ್ದನ್ನು, ಒಣಗಿದ ಹಪ್ಪಳವು ಕಾದ ಎಣ್ಣೆಯಲ್ಲಿ ಅರಳುವುದನ್ನು ಅರ್ಧ ನಿಮಿಷದ ಒಂದು ರೀಲ್ ಆಗಿ ಮಾಡಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದನು. ಅದನ್ನು ಎರಡು ದಿನಗಳಲ್ಲಿ ಲಕ್ಷಾಂತರ ಜನರು ನೋಡಿದರು. ಏಕೆ ನೋಡಿದರೆಂದು ಅವನಿಗೂ ತಿಳಿಯದು, ನನಗೂ ತಿಳಿಯದು. ಅದಕ್ಕೆ ಹಿಂದೆ ಅವನು ಹಾಕಿದ್ದ ಇಂತಹವೇ ಹತ್ತು ರೀಲುಗಳನ್ನು ನೂರು ಮಂದಿಯೂ ನೋಡಿರಲಿಲ್ಲ. ಮೂರು ದಿನಗಳಲ್ಲಿ ೧,೧೦೦ ಕಟ್ಟುಗಳಿಗೆ ಬೇಡಿಕೆಯು ಬಂದಿತು, ಹಣವೂ ಮುಂಗಡವಾಗಿಯೇ ಬಂದಿತು. ಮನೆಯಲ್ಲಿ ಸಿದ್ಧವಾಗಿದ್ದುದು ೧೪೦ ಕಟ್ಟು. "ಆಯಿ, ಇಂತಹ ಅದೃಷ್ಟ ಮತ್ತೆ ಬರುವುದಿಲ್ಲ, ಒಂದನ್ನೂ ಬೇಡವೆನ್ನಬೇಡ" ಎಂದು ಹುಡುಗನು ಕುಣಿದಾಡಿದನು. ಅತ್ತಿಗೆಯು ಒಪ್ಪಿದಳು. ಆಕೆಯ ಸ್ಥಾನದಲ್ಲಿ ನಾನಿದ್ದರೂ ಒಪ್ಪುತ್ತಿದ್ದೆನು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಹಗಲು ಸಾಲದೆ ರಾತ್ರಿಯೂ ಒತ್ತಿದರು. ಮಳೆಯು ಬಂದಿತು. ಬಿಸಿಲು ಸಾಲದ ಹಪ್ಪಳಗಳನ್ನು ಒಲೆಯ ಅಟ್ಟದ ಮೇಲೆ ಒಣಗಿಸಿ ಕಟ್ಟಿದರು. ಮೂರು ವಾರಗಳಾದ ಮೇಲೆ ಬೂಷ್ಟು ಹಿಡಿದ ಹಪ್ಪಳಗಳ ಚಿತ್ರಗಳು ಒಂದೊಂದಾಗಿ ಹಿಂದಕ್ಕೆ ಬರತೊಡಗಿದುವು. ಯಾವ ರೀಲಿನ ಕೆಳಗೆ ಹೊಗಳಿಕೆಯು ತುಂಬಿತ್ತೋ ಅದರ ಕೆಳಗೇ "ಮೋಸ" ಎಂಬ ಮಾತು ಸಾಲುಗಟ್ಟಿತು. ಒಟ್ಟು ೭೦,೦೦೦ ರೂಪಾಯಿಗಳನ್ನು ಹಿಂದಿರುಗಿಸಬೇಕಾಯಿತು, ಅಂಚೆಯ ವೆಚ್ಚವು ಬೇರೆ. ಅದಕ್ಕಾಗಿ ಅತ್ತಿಗೆಯ ಎರಡು ಬಳೆಗಳು ಬ್ಯಾಂಕಿಗೆ ಹೋದುವು. ಆ ಮೇಲೆ ಆಕೆಯು ಎಂಟು ತಿಂಗಳು ಜಾಲತಾಣದ ಕಡೆಗೆ ಮುಖವನ್ನೇ ಹಾಕಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬೂಷ್ಟಿಗಿಂತಲೂ ಹೆಚ್ಚು ನಷ್ಟವನ್ನುಂಟುಮಾಡಿದುದು ಆ ಮೌನವೇ. ಏತಕ್ಕೆಂದರೆ ರೀಲನ್ನು ನೋಡಿ ಬಂದವರು ಹೇಗೂ ಹೋಗತಕ್ಕವರು. ಆದರೆ ಮೊದಲಿನಿಂದ ಇದ್ದ ಇನ್ನೂರು ಮನೆಗಳವರು, ಉದ್ಯಮವು ನಿಂತೇಹೋಯಿತೆಂದು ತಿಳಿದು ಬೇರೆ ಕಡೆಯಲ್ಲಿ ಕೊಳ್ಳತೊಡಗಿದರು. ಧಾರವಾಡದ ವೃದ್ಧ ಗಿರಾಕಿಯೊಬ್ಬರು ನನ್ನೊಡನೆ ಫೋನಿನಲ್ಲಿ ಹೀಗೆಂದರು: "ತಪ್ಪು ಎಲ್ಲರಿಂದಲೂ ಆಗತೈತಿ ತಾಯಿ. ಆದರೆ ಬಾಗಲಾ ಹಾಕಿಕೊಂಡು ಒಳಗ ಕೂತರ ನಾವು ಯಾರನ್ನ ಕೇಳೋಣು?"

೨೦೨೩ರ ಸಂಕ್ರಾಂತಿಗೆ ನಾನು ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ಕುಳಿತು ಈ ವಿಷಯವನ್ನು ಮೊದಲಿನಿಂದ ಆಲೋಚಿಸಿದೆವು. ಅತ್ತಿಗೆಯು ಹೇಳಿದಳು: "ತಂಗಿ, ಹಪ್ಪಳ ಮಾಡುವುದು ನನಗೆ ಗೊತ್ತು. ದಿನವೂ ಏನಾದರೊಂದು ಹಾಕುತ್ತಿರಬೇಕಂತೆ, ಇಲ್ಲದಿದ್ದರೆ ಜನ ಮರೆಯುತ್ತಾರಂತೆ. ಅದು ನನ್ನಿಂದ ಆಗದು." ಈ "ದಿನವೂ ಹಾಕುತ್ತಿರಬೇಕು" ಎಂಬ ಮಾತನ್ನು ಜಾಲತಾಣದ ಪಂಡಿತರು ಎಲ್ಲೆಲ್ಲಿಯೂ ಉಪದೇಶಿಸುವುದುಂಟು. ನಿಯಮವು ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಿಯಮವೆಂಬುದು ಬೇರೆ, ಹೇರಳವೆಂಬುದು ಬೇರೆ. ಹಾಲಿನವನು ಗಂಟೆಗೊಮ್ಮೆ ಬರುವುದಿಲ್ಲ. ಬೆಳಗಿನ ಆರು ಗಂಟೆಗೆ ಬರುವನು, ಮಳೆಯಲ್ಲಿಯೂ ಬರುವನು. ಅವನ ಮೇಲೆ ಮನೆಯವರಿಗಿರುವ ನಂಬಿಕೆಯು ಆ ಹೊತ್ತಿನಿಂದ ಹುಟ್ಟಿದುದೇ ಹೊರತು ಅವನ ಗಂಟೆಯ ಸದ್ದಿನಿಂದಲ್ಲ. ಆದುದರಿಂದ ನಾವು ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡೆವು: ವರ್ಷದ ಐವತ್ತೆರಡು ವಾರಗಳಲ್ಲಿ ಅತ್ಯಂತ ಕಷ್ಟದ ವಾರ ಯಾವುದು? ಆ ವಾರದಲ್ಲಿಯೂ ಅತ್ತಿಗೆಯಿಂದ ಎಷ್ಟು ಸಾಧ್ಯ? ಕೊನೆಕೊಯ್ಲಿನ ವಾರದಲ್ಲಿ, ಆಳುಗಳಿಗೆ ಅಡಿಗೆ, ಅಡಕೆ ಬೇಯಿಸುವ ಹಂಡೆ, ರಾತ್ರಿ ಹತ್ತರವರೆಗೆ ಸುಲಿತ, ಇವುಗಳ ನಡುವೆ ವಾರಕ್ಕೆ ಎರಡು ಸಲ ಕಾಲು ಗಂಟೆ ಸಿಕ್ಕೀತು ಎಂದಳು. ವಾರಕ್ಕೆ ಎರಡು ಎಂದು ಅಂದೇ ನಿಶ್ಚಯವಾಯಿತು. ಬಿಡುವಿರುವ ವಾರದಲ್ಲಿ ಉತ್ಸಾಹವು ಬಂದು ಹತ್ತು ಚಿತ್ರಗಳನ್ನು ತೆಗೆದರೂ ಹಾಕತಕ್ಕುದು ಎರಡೇ. ಉಳಿದ ಎಂಟು ಮುಂದಿನ ತಿಂಗಳ ಬುತ್ತಿ.

ಆ ದಿನ ನಾನು ಅವರಿಗೆ ಮೈಸೂರಿನ ಗಂಧದ ಸಾಬೂನಿನ ಕಥೆಯನ್ನು ಹೇಳಿದೆನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಗೆ ಹೋಗುವ ಮಾರ್ಗಗಳು ಮುಚ್ಚಿ, ನಮ್ಮ ಹಿತ್ತಿಲಿನ ಹಲಸಿನಂತೆಯೇ, ಸಂಸ್ಥಾನದಲ್ಲಿ ಶ್ರೀಗಂಧದ ಮರವು ಮಾರಾಟವಾಗದೆ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೬ರಲ್ಲಿ ಗಂಧದೆಣ್ಣೆಯ ಉದ್ಯಮವು ಆರಂಭವಾಯಿತು. ಅದರ ಬೆನ್ನಿಗೆ ಸಾಬೂನು ಬಂದಿತು. ಅದರ ಹೊಣೆಯನ್ನು ಹೊತ್ತವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನರು ಅವರನ್ನು ಸೋಪ್ ಶಾಸ್ತ್ರಿಗಳೆಂದೇ ಕರೆದರು. ಟ್ರಾಮಿನ ಟಿಕೀಟುಗಳ ಮೇಲೆ, ಬೆಂಕಿಪೆಟ್ಟಿಗೆಗಳ ಮೇಲೆ ಸಾಬೂನಿನ ಚಿತ್ರವು ಕಾಣಿಸಿಕೊಂಡಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು. ಒಂಟೆಗಳು ಒಂದು ದಿನ ನಡೆದು ಹೋದುವು. ಆದರೆ ಅಂಡಾಕಾರದ ಬಿಲ್ಲೆ, ಆನೆಯ ಮುಖವೂ ಸಿಂಹದ ಮೈಯೂ ಇರುವ ಶರಭದ ಮುದ್ರೆ, ಆ ಪರಿಮಳ, ಇವು ಒಂದು ನೂರು ವರ್ಷ ದಾಟಿದರೂ ಹಾಗೆಯೇ ಉಳಿದಿರುವುವು. ಸೋದರಳಿಯನ ರೀಲು ನಮ್ಮ ಒಂಟೆಯ ಮೆರವಣಿಗೆಯಾಗಿತ್ತು. ಶರಭದ ಮುದ್ರೆ ನಮಗಿನ್ನೂ ಇರಲಿಲ್ಲ. ಗುಜರಾತಿನ ಅಮುಲ್ ಸಹಕಾರ ಸಂಘದವರ ಬೆಣ್ಣೆಯ ಜಾಹೀರಾತಿನ ಹುಡುಗಿಯನ್ನೂ ವಾಚಕರು ಬಲ್ಲರು. ೧೯೬೬ರಿಂದ ಆಕೆಯ ಸುತ್ತಲಿನ ಸುದ್ದಿಯು ಬದಲಾಗುತ್ತಿರುವುದು, ಆಕೆಯು ಮಾತ್ರ ಬದಲಾಗಿಲ್ಲ.

ಆದುದರಿಂದ ನಮ್ಮ ಮುದ್ರೆ ಯಾವುದೆಂದು ಮೊದಲು ಗೊತ್ತುಮಾಡಿದೆವು. ಚಿತ್ರವನ್ನು ಯಾವಾಗಲೂ ಜಗಲಿಯ ಮೇಲೆ, ಬೆಳಗಿನ ಎಂಟರಿಂದ ಒಂಬತ್ತರೊಳಗೆ, ಅದೇ ಬಿದಿರಿನ ಮೊರದಲ್ಲಿಟ್ಟು ತೆಗೆಯುವುದು. ಮಾತು ಕನ್ನಡದಲ್ಲಿ, ಅತ್ತಿಗೆಯು ನೆರೆಯವರೊಡನೆ ಆಡುವಂತೆಯೇ. ಕಾಲೇಜಿನ ಹುಡುಗರ ವಿನೋದವನ್ನು ಆಕೆಯ ಬಾಯಲ್ಲಿ ಇಡಕೂಡದು. ಬೆಲೆಯನ್ನು ಚಿತ್ರದ ಕೆಳಗೇ ಬರೆಯುವುದು. ಬೆಲೆಯನ್ನು ಕೇಳಿದವರಿಗೆ ಗುಟ್ಟಾಗಿ ತಿಳಿಸುವ ಒಂದು ರೂಢಿಯು ಈಚೆಗೆ ಬಂದಿರುವುದಷ್ಟೆ. ಅದನ್ನು ನಾನು ಎಂದಿಗೂ ಮೆಚ್ಚಲಾರೆನು. ಸಂತೆಯಲ್ಲಿ ಬದನೆಕಾಯಿಯನ್ನು ಮಾರುವವಳು ಕಿವಿಯಲ್ಲಿ ಬೆಲೆ ಹೇಳಿದರೆ ನಾವು ಅವಳ ಮುಂದೆ ನಿಲ್ಲುವೆವೆ?

ಏನನ್ನು ಹಾಕಬೇಕು ಎಂಬ ಚಿಂತೆಯು ನಾವು ಹೆದರಿದಷ್ಟು ಕಠಿನವಾಗಿರಲಿಲ್ಲ. ಗೋಡೆಯ ಮೇಲಿನ ಪಂಚಾಂಗವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆವು. ವರ್ಷದ ವಿಷಯವೆಲ್ಲ ಅದರಲ್ಲಿಯೇ ಇದ್ದಿತು. ಪುಷ್ಯ ಮಾಘಗಳಲ್ಲಿ ಆಲೆಮನೆ: ಕಬ್ಬಿನ ಹಾಲು, ಜೋನಿಬೆಲ್ಲ, ಬೋರಲು ಹಾಕಿದ ಮಡಕೆಯ ಮೇಲೆ ಸವರಿ ತೆಗೆಯುವ ಕಾಗದದಂತಹ ತೊಡೆದೇವು. ಅದರ ಬೆನ್ನಿಗೆ ಅಪ್ಪೆಮಿಡಿ. ಭೌಗೋಳಿಕ ಗುರುತನ್ನು ಪಡೆದ ಈ ಮಿಡಿಯ ಪರಿಮಳವನ್ನೂ, ಸೊನೆ ಆರುವ ಮುನ್ನ ಉಪ್ಪಿಗೆ ಹಾಕುವ ಆತುರವನ್ನೂ ಕುರಿತು ಎಷ್ಟು ಬರೆದರೂ ಮುಗಿಯದು. ಚೈತ್ರ ವೈಶಾಖಗಳಲ್ಲಿ ಹಪ್ಪಳ, ಮುರುಗಲ ಸಿಪ್ಪೆ. ಆಷಾಢದಲ್ಲಿ ಬಿಸಿಲಿಲ್ಲ, ಮಾಡುವ ಕೆಲಸವಿಲ್ಲ. ಆದರೆ ಊರೂರಿನಲ್ಲಿ ಜನರು ಹಪ್ಪಳವನ್ನು ಕರಿಯುವ ಕಾಲವೇ ಅದು. ಆಗ ಡಬ್ಬಿಯಲ್ಲಿ ಮೆತ್ತಗಾಗದಂತೆ ಇಡುವ ಬಗೆ, ಎಣ್ಣೆಯ ಕಾವು, ಕೆಂಡದಲ್ಲಿ ಸುಡುವ ಕ್ರಮ. ಚೌತಿಯ ಮುಂಚೆ ನಮ್ಮ ಸೀಮೆಯ ಚಕ್ಕುಲಿ ಕಂಬಳ. ಮನೆಮನೆಯವರು ಒಂದೆಡೆ ಸೇರಿ ಕೈಯಿಂದಲೇ ಚಕ್ಕುಲಿಯನ್ನು ಸುತ್ತುವುದನ್ನು ಪಟ್ಟಣದವರು ಕಣ್ಣರಳಿಸಿ ನೋಡುವರು. ದೀಪಾವಳಿಗೆ ಉಡುಗೊರೆಯ ಕಟ್ಟುಗಳು. ಆ ಮೇಲೆ ಕೊನೆಕೊಯ್ಲು. ಹೀಗೆ ಹನ್ನೆರಡು ತಿಂಗಳುಗಳನ್ನು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದೆವು. ಎಡಗಡೆಯ ಪುಟದಲ್ಲಿ ಮನೆಯ ಕೆಲಸ, ಬಲಗಡೆಯ ಪುಟದಲ್ಲಿ ಜಾಲತಾಣದ ಮಾತು. ಎಡಗಡೆಯಲ್ಲಿ ಇಲ್ಲದ ಯಾವುದೂ ಬಲಗಡೆಗೆ ಬರಕೂಡದು ಎಂಬುದೊಂದೇ ಕಟ್ಟಳೆ.

ವಾರದ ಎರಡು ಪ್ರಕಟನೆಗಳಲ್ಲಿ ಮಂಗಳವಾರದ್ದು ಕೆಲಸದ ಅಥವಾ ಬಳಕೆಯ ವಿಷಯ. ಶನಿವಾರ ಸಂಜೆಯದು ಕೇವಲ ಲೆಕ್ಕ: ಈ ವಾರ ಇಷ್ಟು ಕಟ್ಟು ಸಿದ್ಧವಾಗಿದೆ, ಇಷ್ಟಕ್ಕೆ ಹೆಸರು ಬಂದಿದೆ, ಉಳಿದುದು ಇಷ್ಟು. ಋತುವು ಆರಂಭವಾಗುವಾಗಲೇ "ಈ ವರ್ಷ ೬೦೦ ಕಟ್ಟು ಮಾತ್ರ" ಎಂದು ಬಹಿರಂಗವಾಗಿ ಹೇಳಿಬಿಡುವೆವು. ಸೋದರಳಿಯನು ಇದಕ್ಕೆ ಬಹಳ ವಿರೋಧಿಸಿದನು. ಕೊರತೆಯನ್ನು ಸಾರುವ ಅಂಗಡಿ ಎಲ್ಲಿಯಾದರೂ ಉಂಟೆ ಎಂದನು. ಈಗ ಅವನೇ ಆ ಶನಿವಾರದ ಲೆಕ್ಕವನ್ನು ಬರೆಯುವವನು, ಮತ್ತು ಜನರು ಹೆಚ್ಚಾಗಿ ಕಾದು ಓದುವುದೂ ಅದನ್ನೇ.

ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ವಿದ್ಯುತ್ತು ಹೋದರೆ ಎರಡು ದಿನ, ಮೊಬೈಲಿನ ಸಂಪರ್ಕವು ಹೋದರೆ ಮೂರು ದಿನ. ಆದುದರಿಂದ ಜ್ಯೇಷ್ಠದಲ್ಲಿಯೇ ಎಂಟು ಪ್ರಕಟನೆಗಳನ್ನು ಸಿದ್ಧಪಡಿಸಿ, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ತಾವಾಗಿಯೇ ಹೊರಡುವಂತೆ ಇಟ್ಟುಬಿಡುವೆವು. ಫೇಸ್‌ಬುಕ್ ಇನ್‌ಸ್ಟಾಗ್ರಾಂಗಳಲ್ಲಿ ಈ ಸೌಕರ್ಯಕ್ಕೆ ಹಣ ಕೊಡಬೇಕಾಗಿಲ್ಲ. ವಾಟ್ಸಾಪಿನಲ್ಲಿ ವ್ಯಾಪಾರಿಗಳಿಗೆಂದೇ ಬೇರೊಂದು ಆ್ಯಪ್ ೨೦೧೮ರಿಂದ ಇರುವುದು. ಅದರಲ್ಲಿ ಸರಕುಗಳ ಪಟ್ಟಿಯನ್ನು ಬೆಲೆಸಹಿತ ಇಡಬಹುದು, ಅತ್ತಿಗೆಯು ತೋಟದಲ್ಲಿರುವಾಗ "ಸಂಜೆ ಏಳರ ಮೇಲೆ ಉತ್ತರಿಸುವೆವು" ಎಂಬ ಮಾತನ್ನು ಅದೇ ಹೇಳಿಬಿಡುವುದು. ಈ ಒಂದು ಸಾಲಿನಿಂದ ಅತ್ತಿಗೆಗೆ ದೊರೆತ ನೆಮ್ಮದಿಯನ್ನು ನಾನು ಅಳೆಯಲಾರೆನು. ಮೊದಲು ಆಕೆಯು ಒಗ್ಗರಣೆಯ ನಡುವೆಯೂ ಮೊಬೈಲನ್ನು ನೋಡುತ್ತಿದ್ದಳು.

ಇಲ್ಲಿ ಯಂತ್ರದ ಸ್ವಭಾವವನ್ನು ಕುರಿತು ಸ್ವಲ್ಪ ಹೇಳಬೇಕು. ನಾವು ಹಾಕಿದ ಚಿತ್ರವು ನಮ್ಮನ್ನು ಹಿಂಬಾಲಿಸುವವರೆಲ್ಲರಿಗೂ ಕಾಣುವುದೆಂದು ಬಹುಜನರು ತಿಳಿದಿರುವರು. ಅದು ಹಾಗಲ್ಲ. ಯಾರು ಯಾವುದನ್ನು ಎಷ್ಟು ಹೊತ್ತು ನೋಡಿದರು, ಯಾರಿಗೆ ಕಳುಹಿಸಿದರು, ಯಾವುದನ್ನು ಇಟ್ಟುಕೊಂಡರು ಎಂಬುದನ್ನು ಯಂತ್ರವು ಲೆಕ್ಕಹಾಕಿ, ಒಬ್ಬೊಬ್ಬರಿಗೆ ಒಂದೊಂದನ್ನು ಆರಿಸಿ ತೋರಿಸುವುದು. ಅದರ ಉದ್ದೇಶವು ನೋಡುವವನನ್ನು ತನ್ನಲ್ಲಿಯೇ ಕೂರಿಸಿಕೊಳ್ಳುವುದು. ನಮ್ಮ ಹಪ್ಪಳವು ಖರ್ಚಾಗುವುದಲ್ಲ. ಆದುದರಿಂದ ಮೆಚ್ಚುಗೆಯ ಗುರುತುಗಳನ್ನು ಎಣಿಸುವುದನ್ನು ನಾವು ಬಿಟ್ಟೆವು. ತಿಂಗಳ ಕೊನೆಯಲ್ಲಿ ನೋಡುವುದು ಎರಡನ್ನೇ: ಮೊದಲು ಕೊಂಡವರಲ್ಲಿ ಎಷ್ಟು ಮಂದಿ ಮತ್ತೆ ಕೊಂಡರು, ಹೊಸಬರು ಯಾರ ಮಾತಿನಿಂದ ಬಂದರು. ಪ್ರತಿಯೊಬ್ಬ ಹೊಸ ಗಿರಾಕಿಯನ್ನೂ "ನಮ್ಮ ವಿಷಯವು ತಮಗೆ ಹೇಗೆ ತಿಳಿಯಿತು?" ಎಂದು ಕೇಳಿ ಪುಸ್ತಕದಲ್ಲಿ ಬರೆಯುವೆವು. ಅರ್ಧಕ್ಕಿಂತ ಹೆಚ್ಚು ಜನರು ಹೇಳುವುದು ಯಾವುದೋ ಅತ್ತೆಯ, ಗೆಳತಿಯ, ಮೇಲಿನ ಮಹಡಿಯವರ ಹೆಸರನ್ನು. ಜಾಲತಾಣವು ಆ ಮಾತನ್ನು ಸಾಗಿಸುವ ಗಾಡಿಯಾಯಿತು, ಅಷ್ಟೆ.

ಗಾಡಿಯು ಬೇರೆಯವರದು ಎಂಬುದನ್ನೂ ಮರೆಯಬಾರದು. ೨೦೨೦ನೆಯ ಇಸವಿಯ ಜೂನ್ ೨೯ರಂದು ಭಾರತ ಸರ್ಕಾರವು ಟಿಕ್‌ಟಾಕ್ ಮೊದಲಾದ ೫೯ ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ಕಾರಣಗಳ ಚರ್ಚೆಯು ನಮಗೆ ಬೇಡ. ಆದರೆ ಅದೊಂದರಲ್ಲಿಯೇ ಸಾವಿರಾರು ಜನರನ್ನು ಗಳಿಸಿದ್ದ ಎಷ್ಟೋ ಮಂದಿ ಸಣ್ಣ ವ್ಯಾಪಾರಿಗಳು, ಬೆಳಗಾಗುವುದರೊಳಗೆ ತಮ್ಮ ಗಿರಾಕಿಗಳ ವಿಳಾಸವನ್ನೇ ಕಳೆದುಕೊಂಡವರಾದರು. ಮರುವರ್ಷ ಅಕ್ಟೋಬರ್ ೪ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದುವು; ಮೂರೂ ಒಂದೇ ಯಜಮಾನನವು ಎಂಬುದು ಅಂದು ಅನೇಕರಿಗೆ ಮೊದಲ ಬಾರಿಗೆ ತಿಳಿಯಿತು. ಈ ಕಾರಣದಿಂದ, ಗಿರಾಕಿಗಳ ಹೆಸರು, ಊರು, ಫೋನಿನ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಕಾಗದದ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ವಾಟ್ಸಾಪಿನಲ್ಲಿ ಒಂದೇ ಸಂದೇಶವನ್ನು ಒಂದು ಪಟ್ಟಿಯ ೨೫೬ ಮಂದಿಗೆ ಕಳುಹಿಸಬಹುದು. ಆದರೆ ನಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರವೇ ಅದು ತಲುಪುವುದು. ಇದು ಒಳ್ಳೆಯ ಕಟ್ಟಳೆಯೆಂದು ನನಗೆ ತೋರುತ್ತದೆ: ಬೇಡದವರ ಬಾಗಿಲನ್ನು ತಟ್ಟುವ ಪಾಪವು ತಪ್ಪುವುದು.

ಆಸೆಯ ಬಲೆಗಳು ಬಾರದೆ ಇರಲಿಲ್ಲ. ಹಲಸಿನ ಹಪ್ಪಳವು ಸಕ್ಕರೆ ಕಾಯಿಲೆಗೆ ಔಷಧವೆಂದು ಬರೆದರೆ ಮಾರಾಟವು ಇಮ್ಮಡಿಯಾಗುವುದೆಂದು ಒಬ್ಬರು ಹಿತೋಪದೇಶ ಮಾಡಿದರು. ಆಹಾರದ ಜಾಹೀರಾತಿನಲ್ಲಿ ರೋಗವನ್ನು ಗುಣಪಡಿಸುವುದೆಂದು ಹೇಳುವುದಕ್ಕೆ ೨೦೧೮ರ ಆಹಾರ ಸುರಕ್ಷತೆಯ ನಿಬಂಧನೆಗಳಲ್ಲಿ ಅವಕಾಶವಿಲ್ಲ. ಜಾಲತಾಣದಲ್ಲಿ ಬರೆದುದೂ ಜಾಹೀರಾತೇ ಸರಿ. ಕಾಯಿದೆಯ ಮಾತಿರಲಿ, ಎಣ್ಣೆಯಲ್ಲಿ ಕರಿದುದನ್ನು ಔಷಧವೆನ್ನಲು ಬಾಯಿ ಬರಬೇಕಲ್ಲ! ಮತ್ತೊಬ್ಬ ತರುಣನು, ತನಗೆ ಅಪಾರ ಹಿಂಬಾಲಕರಿರುವುದರಿಂದ ಹಣವನ್ನೂ ಇಪ್ಪತ್ತು ಕಟ್ಟುಗಳನ್ನೂ ಕೊಟ್ಟರೆ ಹೊಗಳುವೆನೆಂದು ತಿಳಿಸಿದನು. ಹಾಗೆ ಪ್ರತಿಫಲ ಪಡೆದು ಹೊಗಳುವವರು ಅದನ್ನು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿರುವುದು. ಇದನ್ನು ನೆನಪಿಸಿದ ಮೇಲೆ ಆತನಿಂದ ಮರುಪತ್ರ ಬರಲಿಲ್ಲ.

ದೂರುಗಳ ವಿಷಯವು ಅತ್ಯಂತ ಸೂಕ್ಷ್ಮವಾದುದು. ಮೊದಲು ಅತ್ತಿಗೆಯು ದೂರನ್ನು ಕಂಡೊಡನೆ ಅಳುವಳು, ಸೋದರಳಿಯನು ಅಳಿಸುವನು, ಎರಡೂ ಪ್ರಯೋಜನವಿಲ್ಲ. ಈಗ ದೂರು ಯಾವ ಸ್ಥಳದಲ್ಲಿ ಬಂದಿತೋ ಅದೇ ಸ್ಥಳದಲ್ಲಿ, ಎಲ್ಲರಿಗೂ ಕಾಣುವಂತೆ, ಮರುದಿನ ಸಂಜೆಯೊಳಗೆ ಉತ್ತರವು ಹೋಗುವುದು: ತಪ್ಪು ನಮ್ಮದಾದರೆ ತಪ್ಪೆಂದು, ಇಂತಹ ದಿನ ಬೇರೆ ಕಟ್ಟು ಹೊರಡುವುದೆಂದು. ಮಾತು ಮುಂದುವರಿಯಬೇಕಾದರೆ ಫೋನು. ೨೦೨೩ರ ಬೇಸಗೆಯ ಮೊದಲ ಪ್ರಕಟನೆಯಾಗಿ ಅತ್ತಿಗೆಯು ತನ್ನ ಕೈಯಿಂದಲೇ ಒಂದು ಕಾಗದದ ಮೇಲೆ, ಹಿಂದಿನ ವರ್ಷ ಆದುದೇನು, ಏಕೆ ಆಯಿತು, ಯಾರಿಗಾದರೂ ಹಣವು ಇನ್ನೂ ತಲುಪದೆ ಇದ್ದರೆ ತಿಳಿಸಬೇಕೆಂದು ಬರೆದು, ಅದರ ಚಿತ್ರವನ್ನು ಹಾಕಿದಳು. ಅದನ್ನು ಹಾಕುವ ಮುಂಚೆ ಎರಡು ದಿನ ಆಕೆಯು ಸರಿಯಾಗಿ ಊಟಮಾಡಲಿಲ್ಲ. ಬೈದವರಲ್ಲಿ ಹನ್ನೊಂದು ಮಂದಿ ಅದೇ ವಾರ ಮತ್ತೆ ಹಪ್ಪಳವನ್ನು ಕೇಳಿದರು. ಧಾರವಾಡದ ಹಿರಿಯರು ಐದು ಕಟ್ಟು ತರಿಸಿಕೊಂಡು, ಹಣದೊಡನೆ "ಬಾಗಲಾ ತೆರೆದಿರಿ, ಛಲೋ ಆತು" ಎಂದು ಒಂದು ಸಾಲನ್ನು ಕಳುಹಿಸಿದರು.

ಬಳೆಗಳು ಬಿಡಿಸಿಕೊಂಡು ಬಂದುದು ೨೦೨೪ರ ದೀಪಾವಳಿಗೆ. ಇನ್ನೂ ನಾಲ್ವರು ಹೆಂಗಸರು ಕೆಲಸಕ್ಕೆ ಸೇರಬೇಕೆಂದು ಕೇಳುತ್ತಿರುವರು. ಸೇರಿದರೆ ಪುಸ್ತಕದ ಎಡಗಡೆಯ ಪುಟದಲ್ಲಿ ಅಂಕಿಯು ಹೆಚ್ಚುವುದು, ಆ ಮೇಲೆ ಬಲಗಡೆಯ ಪುಟದಲ್ಲಿ. ಸೋದರಳಿಯನಿಗೆ ಆತುರ, ಅತ್ತಿಗೆಗೆ ಅನುಮಾನ. ಬಿಸಿಲಿಗೆ ಇನ್ನೊಂದು ಅಂಗಳ ಸಿಕ್ಕದೆ ಈ ಮಾತು ಬೇಡವೆನ್ನುವಳು.

ಈ ಸಲದ ಬೇಸಗೆಯಲ್ಲಿ ಮಳೆಯು ಎಣಿಕೆಗಿಂತ ಮೊದಲೇ ಬಂದಿತು. ೬೦೦ ಎಂದು ಹೇಳಿದ್ದುದರಲ್ಲಿ ೪೦ ಕಟ್ಟುಗಳಿಗೆ ಬಿಸಿಲು ಸಾಲಲಿಲ್ಲ. ಅಂದು ಶನಿವಾರವಾಗಿತ್ತು. ಸಂಜೆಯ ಲೆಕ್ಕದಲ್ಲಿ ಸೋದರಳಿಯನು ಆ ನಲವತ್ತನ್ನು ಬರೆದನು: ಹಪ್ಪಳವಿಲ್ಲ, ಹಣವು ಇಂದೇ ಹಿಂದಕ್ಕೆ ಬರುವುದು, ಕ್ಷಮೆಯಿರಲಿ. ಕರೆಂಟು ಹೋಗುವುದರೊಳಗೆ ಎಲ್ಲರಿಗೂ ಹಣವನ್ನು ಕಳುಹಿಸಿ ಮುಗಿಸಿದನು. ಮರುದಿನ ಸಂಪರ್ಕವು ಬಂದಾಗ ನೋಡಿದರೆ ಮೂವತ್ತೊಂದು ಮಂದಿ ಉತ್ತರ ಬರೆದಿದ್ದರು. ಬಹುಮಟ್ಟಿಗೆ ಎಲ್ಲರದೂ ಒಂದೇ ಮಾತು, ಬರುವ ವರ್ಷದ ಪಟ್ಟಿಯಲ್ಲಿ ತಮ್ಮ ಹೆಸರು ಮೊದಲಿರಲಿ ಎಂದು. ಅತ್ತಿಗೆಯು ಪುಸ್ತಕವನ್ನು ತರಿಸಿ, ಚೈತ್ರದ ಪುಟವನ್ನು ತೆರೆದು, ಆ ಹೆಸರುಗಳನ್ನು ಬರೆಯುತ್ತ ಕುಳಿತಳು.